ಒಂದೇ ಬುಕಿಂಗ್

ಜರ್ಮನಿಯಲ್ಲಿರುವ ಅಕ್ಕನಿಗೆ ಮೊದಲ ಹೆರಿಗೆಯ ಹೊತ್ತಿಗೆ ಅವ್ವ ಪಕ್ಕದಲ್ಲಿರಬೇಕಿತ್ತು. ಅವಳು ಕೇಳಿದ್ದು ಅಷ್ಟೇ. ಟಿಕೆಟ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು.

ಅವ್ವ ಒಂದು ಷರತ್ತು ಹಾಕಿದಳು. ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಗೆ ಹೊಸ ಭತ್ತದ ಕದಿರನ್ನು ಮನೆಯೊಳಗೆ ತುಂಬಿಸಿಕೊಂಡ ಮೇಲೆಯೇ ಹೊರಡುವುದು. ಹಬ್ಬ ಯಾವ ದಿನ ಎಂದು ದೇವಸ್ಥಾನದಲ್ಲಿ ನಿಶ್ಚಯವಾಗುವುದು ತಡವಾಗಿ. ಅಲ್ಲಿಯವರೆಗೆ ಕಾಯಲಾರದೆ ಕ್ಯಾಲೆಂಡರಿನಲ್ಲಿ ಹುಣ್ಣಿಮೆ ನೋಡಿ, ಹಬ್ಬ ಅಂದೇ ಎಂದುಕೊಂಡು, ಅದರ ಮರುದಿನಕ್ಕೆ ಟಿಕೆಟ್ ಮಾಡಿಬಿಟ್ಟೆ. ರೋಹಿಣಿ ನಕ್ಷತ್ರದ ಲೆಕ್ಕದಲ್ಲಿ ಹಬ್ಬ ಬಂದದ್ದು ಆ ಮರುದಿನವೇ.

"ಎಂತ ಓದಿದ್ದು ನೀನು? ರೋಹಿಣಿ ನೋಡ್ಲಿಲ್ವಾ?" ಎಂದಳು ಅವ್ವ.

ಟಿಕೆಟ್ ರದ್ದು ಮಾಡಿ ಮತ್ತೆ ಹುಡುಕಿದೆ. ಉಳಿದದ್ದು ಎರಡು ದಾರಿ. ದೆಹಲಿಯವರೆಗೆ ಒಂದು ವಿಮಾನ ಕಂಪನಿ, ಅಲ್ಲಿಂದ ಮುಂದೆ ಇನ್ನೊಂದು, ನಡುವೆ ಮೂರು ಗಂಟೆ; ವೈದ್ಯರು ಹೇಳಿದ ದಿನಕ್ಕೆ ಐದು ದಿನ ಮೊದಲೇ ತಲುಪಬಹುದು. ಇಲ್ಲವೇ ಅದೇ ದೆಹಲಿಯ ಮೇಲೆ, ಎಲ್ಲವೂ ಒಂದೇ ಬುಕಿಂಗಿನಲ್ಲಿ, ಆದರೆ ಎರಡು ದಿನ ಮೊದಲು ಮಾತ್ರ. ಒಂದು ವಾರ ನಿಯಮಗಳನ್ನು ಓದಿದೆ. ಬೇರೆ ಬೇರೆ ಟಿಕೆಟ್ ಆದರೆ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಯಾರೂ ಹೊಣೆಯಲ್ಲ. ಒಂದೇ ಬುಕಿಂಗ್ ಆದರೆ ಮುಂದಿನ ವಿಮಾನ ಹತ್ತಿಸುವುದು ಅವರ ಕೆಲಸ. ಮಂಜಿನಿಂದ ತಡವಾದರೆ ಪರಿಹಾರವಿಲ್ಲ. ಊಟ, ತಂಗಲು ಕೋಣೆ ಕೇಳಬಹುದು.

"ಮೊದಲೇ ಹೇಳಿ ಇಟ್ರೆ ಸ್ವಲ್ಪ ಹೊತ್ತು ನಿಲ್ಸ್ತಾರಲ್ಲ. ನಿನ್ನ ಪರೀಕ್ಷೆ ದಿನ ನಾಪೋಕ್ಲು ಬಸ್ಸಿನವ ಗೇಟಿನ ಹತ್ರ ಹಾರ್ನ್ ಹೊಡ್ಕೊಂಡು ನಿಂತಿರ್ಲಿಲ್ವಾ?"

"ವಿಮಾನ ನಿಲ್ಲಲ್ಲ ಅವ್ವ."

"ಐದು ದಿನ ಮೊದ್ಲೇ ಹೋಗೋದೇ ಒಳ್ಳೇದು ಮಗಾ. ಹೆರಿಗೆ ನಿನ್ನ ಪುಸ್ತಕ ನೋಡಿ ಬರುತ್ತಾ?"

ನನಗೆ ಅವ್ವ ದೆಹಲಿಯಲ್ಲಿ ಭಾಷೆ ಬಾರದೆ ಒಬ್ಬಳೇ ನಿಂತಿರುವುದಷ್ಟೇ ಕಾಣುತ್ತಿತ್ತು. ಒಂದೇ ಬುಕಿಂಗ್ ಮಾಡಿದೆ. ಕೌಂಟರಿನಲ್ಲಿ ತೋರಿಸಲು ಹಿಂದಿಯಲ್ಲೂ ಇಂಗ್ಲಿಷಿನಲ್ಲೂ ಒಂದು ಚೀಟಿ ಬರೆದುಕೊಟ್ಟೆ: ಇದು ಒಂದೇ ಬುಕಿಂಗ್, ಮುಂದಿನ ವಿಮಾನದಲ್ಲಿ ಜಾಗ ಕೊಡಿ, ಅಲ್ಲಿಯವರೆಗೆ ಊಟ ಮತ್ತು ಕೋಣೆ ಕೊಡಿ.

ಹೊರಟ ದಿನ ಬೆಂಗಳೂರಿನಲ್ಲಿ ಮಂಜು. ವಿಮಾನ ನಾಲ್ಕು ಗಂಟೆ ತಡವಾಯಿತು, ದೆಹಲಿಯಿಂದ ಹೊರಡುವ ವಿಮಾನ ತಪ್ಪಿತು. ಅವ್ವ ಚೀಟಿ ತೋರಿಸಿದಳು. ಮರುದಿನದ ವಿಮಾನ ಸಿಕ್ಕಿತು, ಹೋಟೆಲಿನಲ್ಲಿ ಕೋಣೆಯೂ ಸಿಕ್ಕಿತು. ಫೋನಿನಲ್ಲಿ ಅವಳ ದನಿ ಗೆಲುವಾಗಿತ್ತು.

"ಬಿಳೀ ಹಾಸಿಗೆ ಮಾರಾಯ್ತಿ, ಕೂರ್ಲಿಕ್ಕೇ ಹೆದ್ರಿಕೆ. ಊಟಕ್ಕೆ ಬರೀ ಪನೀರು."

ಆ ಸಂಜೆಯೇ ಅಕ್ಕನಿಗೆ ಹೆರಿಗೆಯಾಯಿತು. ಹೆಣ್ಣು ಮಗು. ಅವ್ವನಿಗೆ ಹೇಳಬೇಕಾದವಳು ನಾನೇ.

"ಅವಳ ಹತ್ರ ಯಾರಿದ್ರು?"

"ಭಾವ ಇದ್ರು."

"ಹೆಂಗಸ್ರು?"

"ನರ್ಸ್ ಇದ್ರು ಅವ್ವ."

"ಸರಿ, ಇಡು. ಅವಳಿಗೆ ಫೋನ್ ಮಾಡ್ತೇನೆ," ಎಂದಳು.

ಫೋನ್ ಇಟ್ಟು, ನಾನು ಬೇಡವೆಂದಿದ್ದ ಆ ಎರಡು ವಿಮಾನಗಳು ಮೂರು ದಿನ ಹಿಂದೆ ಯಾವಾಗ ಹೊರಟವು ಎಂದು ನೋಡಿದೆ. ಎರಡೂ ಸಮಯಕ್ಕೆ ಸರಿಯಾಗಿ ಹೊರಟಿದ್ದವು. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ.