ರುಚಿ ನೋಡದ ವಿಮಲಮ್ಮನ ಮರಿಕೋಸು

ಭಾನುವಾರ ಬೆಳಗಿನ ಐದೂವರೆ. ಕೊಡಗಿನ ಮೂರ್ನಾಡಿನಿಂದ ಸ್ವಲ್ಪ ಒಳಗಿರುವ ಕಾಫಿ ಎಸ್ಟೇಟಿನ ಬಂಗಲೆಯಲ್ಲಿ ಅತಿಥಿಗಳೆಲ್ಲ ಇನ್ನೂ ಕಂಬಳಿಯೊಳಗಿದ್ದಾರೆ. ಹಿಂದಿನ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ವಿಮಲಮ್ಮ ಮಣೆಯ ಮೇಲೆ ಕೂತು, ಮುಂದೆ ಮೊರ ಇಟ್ಟುಕೊಂಡು, ನಿಂಬೆಹಣ್ಣಿಗಿಂತ ಚಿಕ್ಕದಾದ ಕೋಸುಗಳ ಹೊರ ಎಲೆ ಬಿಡಿಸುತ್ತಿದ್ದಾರೆ. ಬಂಗಲೆಯ ಮೆನುವಿನಲ್ಲಿ ಇದರ ಹೆಸರು ಬ್ರಸೆಲ್ಸ್ ಸ್ಪ್ರೌಟ್ಸ್. ಅಡುಗೆಮನೆಯಲ್ಲಿ ಎಲ್ಲರ ಬಾಯಲ್ಲೂ ಮರಿಕೋಸು. ಊಟಿಯಿಂದ ಬಂದ ನಾಲ್ಕು ಕೆ.ಜಿ., ಎಣಿಸಿದರೆ ಇನ್ನೂರ ಮೂವತ್ತರ ಆಸುಪಾಸು. ಬುಡವನ್ನು ಹೆಚ್ಚು ಕತ್ತರಿಸಿದರೆ ಎಲೆಗಳು ಬಿಚ್ಚಿಕೊಳ್ಳುತ್ತವೆ, ಕಡಿಮೆ ಕತ್ತರಿಸಿದರೆ ನಡುಭಾಗ ಬೇಯದೆ ಉಳಿಯುತ್ತದೆ. ವಿಮಲಮ್ಮನ ಚಾಕು ಎಲ್ಲಿಯೂ ತಡವರಿಸುವುದಿಲ್ಲ.

ಆದರೆ ಇವತ್ತು ಅವರ ಮನಸ್ಸು ತಡವರಿಸುತ್ತಿದೆ. ಅದಕ್ಕೆ ಕಾರಣವೂ ಇದೆ. ಮಧ್ಯಾಹ್ನ ನಲವತ್ತೆರಡು ಮಂದಿ ಊಟಕ್ಕೆ ಬರುತ್ತಿದ್ದಾರೆ. ವರ್ಷಕ್ಕೊಮ್ಮೆ ಇಲ್ಲಿ ಸೇರುವ ಹಳೆಯ ಪ್ಲಾಂಟರ್‌ಗಳು ಮತ್ತು ಅವರ ಮನೆಯವರು. ಹುರಿದ ಮಾಂಸದ ಪಕ್ಕದಲ್ಲಿ ಮರಿಕೋಸು ಮತ್ತು ಬೇಕನ್ ಇರಲೇಬೇಕು ಎಂದು ತಿಂಗಳ ಹಿಂದೆಯೇ ಹೇಳಿ ಕಳಿಸಿದ್ದಾರೆ. ಬೇಕನ್ ಎಂದರೆ ಉಪ್ಪು ಹಚ್ಚಿ ಹೊಗೆಗೆ ಕಟ್ಟಿದ ಹಂದಿಮಾಂಸ. ಆ ಪಕ್ಕದ ಬಟ್ಟಲಿನ ಮೇಲೆ ಈಗ ವಿಮಲಮ್ಮನ ಮುಂದಿನ ದಿನಗಳು ನಿಂತಿವೆ.

ದೀಪಾವಳಿ ಕಳೆದ ಮೇಲೆ ಇಲ್ಲಿನ ಮುಖ್ಯ ಅಡುಗೆಯವರು ವಯಸ್ಸಾಯಿತೆಂದು ಕೆಲಸ ಬಿಟ್ಟರು. ಆ ಜಾಗಕ್ಕೆ ಮ್ಯಾನೇಜರ್ ಕೀರ್ತಿಕುಮಾರ್ ಮೈಸೂರಿನಿಂದ ಕಲಿತು ಬಂದ ಅಡುಗೆಯವನೊಬ್ಬನನ್ನು ಗೊತ್ತು ಮಾಡಿಯೂ ಆಗಿದೆ. ಬಂಗಲೆಯ ಯಜಮಾನಿ ಬೊಳ್ಳಮ್ಮ ನಡುವೆ ಕೈ ಅಡ್ಡ ಹಿಡಿದಿದ್ದಾರೆ. ಭಾನುವಾರ ಮರಿಕೋಸಿನ ಬಟ್ಟಲುಗಳು ಖಾಲಿಯಾಗಿ ಒಳಗೆ ಬಂದರೆ ಅಡುಗೆಮನೆ ವಿಮಲಮ್ಮನ ಕೈಗೆ. ಉಳಿದು ಬಂದರೆ ಸೋಮವಾರ ಮೈಸೂರಿನವನು ಬರುತ್ತಾನೆ, ವಿಮಲಮ್ಮ ಅವನ ಕೈಕೆಳಗೆ ತರಕಾರಿ ಹೆಚ್ಚಿಕೊಂಡಿರಬೇಕು. ಹನ್ನೊಂದು ವರ್ಷ ಒಂದು ಒಲೆಯನ್ನು ಕಾದವರಿಗೆ ಅದು ಸಣ್ಣ ಮಾತಲ್ಲ.

ಕೀರ್ತಿಕುಮಾರ್ ಕೆಟ್ಟವರಲ್ಲ. ಅವರ ತಕರಾರು ಒಂದೇ. ವಿಮಲಮ್ಮ ತಾವು ಮಾಡಿದ ಈ ಪದಾರ್ಥದ ರುಚಿ ನೋಡುವುದಿಲ್ಲ. ನೋಡಿಯೂ ಇಲ್ಲ. ಅವರು ಶನಿವಾರಸಂತೆ ಕಡೆಯ, ಮಾಂಸ ತಿನ್ನದ ಲಿಂಗಧಾರಿ ಮನೆಯವರು. ಸೆರಗಿನ ಮರೆಯಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಮಾಂಸವನ್ನು ಇಕ್ಕಳದಲ್ಲಿ ಹಿಡಿದು ಹದವಾಗಿ ಹುರಿಯುತ್ತಾರೆ, ಕೆಲಸ ಮುಗಿದ ಮೇಲೆ ಹಿತ್ತಲ ಬಚ್ಚಲಲ್ಲಿ ಸ್ನಾನ ಮಾಡಿ, ಸೀರೆ ಬದಲಿಸಿ, ಪೂಜೆ ಮಾಡಿಕೊಂಡು, ಮನೆಯಿಂದ ತಂದ ಬುತ್ತಿ ಬಿಚ್ಚುತ್ತಾರೆ. ಜೇಬಿನಲ್ಲಿ ಸದಾ ಎರಡು ಚಮಚ ಇಟ್ಟುಕೊಂಡು ಪಾತ್ರೆಯಿಂದ ಪಾತ್ರೆಗೆ ಓಡಾಡುವ ಕೀರ್ತಿಕುಮಾರ್‌ಗೆ ಇದು ಅರ್ಥವೇ ಆಗುವುದಿಲ್ಲ. ರುಚಿ ನೋಡದವರ ಕೈಗೆ ಅಡುಗೆಮನೆ ಕೊಡುವುದು ಹೇಗೆ ಎಂದು ಅವರು ಬೊಳ್ಳಮ್ಮನನ್ನು ಕೇಳಿದ್ದಾರೆ. ಕೇಳಿದ್ದು ವಿಮಲಮ್ಮನ ಕಿವಿಗೂ ಬಿದ್ದಿದೆ.

ವಿಮಲಮ್ಮ ಈ ಬಂಗಲೆಗೆ ಬಂದದ್ದು ತರಕಾರಿ ಹೆಚ್ಚಲಿಕ್ಕೆ. ಗಂಡ ನಂಜಪ್ಪ ಮೆಣಸು ಕೊಯ್ಯುವಾಗ ಏಣಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ವರ್ಷ ಅದು. ಊರು ಬಿಟ್ಟು ಮೂರ್ನಾಡಿನಲ್ಲಿ ಬಾಡಿಗೆ ಮನೆ ಹಿಡಿದರು. ಬೆಳಿಗ್ಗೆ ಅರವತ್ತು ಅಕ್ಕಿರೊಟ್ಟಿ, ಹತ್ತು ಗಂಟೆಯೊಳಗೆ ಎಂಟು ಕೆ.ಜಿ. ತರಕಾರಿ, ಸಂಜೆ ಮತ್ತೆ ಅಷ್ಟೇ. ಮೊದಲ ಡಿಸೆಂಬರಿನಲ್ಲೇ ಮುಖ್ಯ ಅಡುಗೆಯವರಿಗೆ ಜ್ವರ ಬಂತು. ಅತಿಥಿಗಳು ಹಾಲ್‌ನಲ್ಲಿ ಕೂತಿದ್ದಾರೆ, ಮಾಂಸ ಒಲೆಯ ಮೇಲಿದೆ, ಪಕ್ಕಕ್ಕೆ ಮರಿಕೋಸು ಮಾಡುವವರಿಲ್ಲ. ಬೊಳ್ಳಮ್ಮ ಅಡುಗೆಮನೆಗೆ ಕುರ್ಚಿ ಹಾಕಿಸಿಕೊಂಡು ಕೂತರು, ಕೂತಲ್ಲಿಂದಲೇ ಹೇಳಿಕೊಟ್ಟರು. ಅರ್ಧ ಹೇಳಿ ಅತಿಥಿಗಳನ್ನು ಮಾತನಾಡಿಸಲು ಎದ್ದು ಹೋದದ್ದೇ ತಪ್ಪಾಯಿತು.

"ನಂಗೇನು ಗೊತ್ತಿತ್ತು? ಕೋಸು ಅಂದ್ರೆ ಕೋಸು ಅಂತ ಪಲ್ಯಕ್ಕೆ ಹಾಕೋವಷ್ಟು ಉಪ್ಪು ಹಾಕ್ದೆ. ಮಾಂಸದೊಳಗೇ ಉಪ್ಪು ತುಂಬ್ಕಂಡಿರುತ್ತೆ ಅಂತ ನಮ್ಮನೇಲಿ ಯಾರು ಹೇಳ್ಕೊಟ್ಟಿದ್ರು? ಇಳಿಸೋ ಮುಂಚೆ ಒಂದು ಹಿಡಿ ಕಾಯ್ತುರಿನೂ ಉದುರಿಸ್ಬಿಟ್ಟೆ" ಎಂದು ಹೇಳುವಾಗ ಅವರಿಗೇ ನಗು ತಡೆಯುವುದಿಲ್ಲ. ಆ ದಿನ ಬೊಳ್ಳಮ್ಮ ಒಂದು ಚಮಚ ಬಾಯಿಗಿಟ್ಟು ಒಂದು ಜಗ್ ನೀರು ಕುಡಿದರಂತೆ. ಬೈಯಲಿಲ್ಲ. ಮರುದಿನ ಮತ್ತೆ ಮಾಡು ಎಂದರು.

ಅಲ್ಲಿಂದ ಶುರುವಾಯಿತು ವಿಮಲಮ್ಮನ ಹಟ. ಅಂಗಡಿಯ ಬೇಕನ್ ಒಂದೊಂದು ಸಲ ಒಂದೊಂದು ಉಪ್ಪು. ಅದಕ್ಕೇ ಅವರು ಮಾಂಸಕ್ಕೆ ಉಪ್ಪು ಹಚ್ಚುವ ಕೆಲಸವನ್ನೇ ತಮ್ಮ ಕೈಗೆ ತೆಗೆದುಕೊಂಡರು. ಇಷ್ಟು ತೂಕಕ್ಕೆ ಇಷ್ಟು ಉಪ್ಪು, ಇಷ್ಟು ದಿನ, ಆಮೇಲೆ ಕಾಫಿ ಕಟ್ಟಿಗೆಯ ಹೊಗೆ. ಉಪ್ಪಿನಕಾಯಿಯ ಭರಣಿಗಳ ನಡುವೆ ಬೆಳೆದ ಹೆಂಗಸಿಗೆ ಈ ಲೆಕ್ಕ ಕಷ್ಟವಾಗಲಿಲ್ಲ. ಇಷ್ಟಾದರೂ ಬಡಿಸುವ ಮುಂಚೆ ಒಂದು ನಾಲಿಗೆಯ ಒಪ್ಪಿಗೆ ಬೇಕಲ್ಲ. ಅದು ಮುತ್ತಿಯದು. ಪಾತ್ರೆ ತೊಳೆಯುವ, ತಿತಿಮತಿ ಕಡೆಯಿಂದ ಬಂದಿರುವ ಮುತ್ತಿಯ ನಾಲಿಗೆ ಬಹಳ ಖಡಕ್ಕು. ಸರಿಯಿದ್ದರೆ ತಲೆಯಾಡಿಸುತ್ತಾಳೆ, ಉಪ್ಪು ಜಾಸ್ತಿಯಾದರೆ ಸುಮ್ಮನೆ ಹೊರಗೆ ಹೋಗಿ ನೀರು ಕುಡಿಯುತ್ತಾಳೆ. ಅವಳು ಹೊರಗೆ ಹೋಗದೆ ನಾಲ್ಕು ವರ್ಷ ದಾಟಿದೆ.

ನೆಂಟರಿಷ್ಟರಿಗೆ ಇದ್ಯಾವುದೂ ಗೊತ್ತಿಲ್ಲ. ಹೇಳಿದರೆ ಮೂಗು ಮುರಿಯುತ್ತಾರೆಂದು ವಿಮಲಮ್ಮ ಬಾಯಿ ಬಿಟ್ಟಿಲ್ಲ. ಮೊನ್ನೆ ತಂಗಿ ಕುಸುಮಾಳ ಮನೆಯ ಗೃಹಪ್ರವೇಶದಲ್ಲಿ ಯಾರೋ ಕೇಳಿದಾಗಲೂ ಬಂಗಲೆಯಲ್ಲಿ ತರಕಾರಿ ಹೆಚ್ಚುತ್ತೇನೆ ಎಂದಷ್ಟೇ ಹೇಳಿ ಎಲೆ ಎತ್ತಲು ಎದ್ದರಂತೆ. ಅದನ್ನು ಹೇಳುವಾಗ ಮಾತ್ರ ಅವರ ದನಿ ಸ್ವಲ್ಪ ಇಳಿಯುತ್ತದೆ.

ಈ ಭಾನುವಾರ ಎಲ್ಲವೂ ಒಟ್ಟಿಗೇ ಕೈಕೊಟ್ಟಿದೆ. ಶನಿವಾರ ಹೇಳದೆ ಕೇಳದೆ ಬಂದ ಹದಿನೈದು ಮಂದಿ ವಿಮಲಮ್ಮ ಹೊಗೆಗೆ ಕಟ್ಟಿದ್ದ ಬೇಕನ್ನನ್ನು ಪೂರ್ತಿ ಮುಗಿಸಿದ್ದಾರೆ. ಕೀರ್ತಿಕುಮಾರ್ ಮೈಸೂರಿನಿಂದ ತರಿಸಿದ ಪ್ಯಾಕೆಟ್ಟುಗಳು ಫ್ರಿಜ್ಜಿನಲ್ಲಿವೆ. ಅದರೊಳಗಿನ ಉಪ್ಪು ಎಷ್ಟೆಂದು ಬಲ್ಲವರಿಲ್ಲ. ಮುತ್ತಿ ತಮ್ಮನ ಮದುವೆಗೆ ತಿತಿಮತಿಗೆ ಹೋಗಿದ್ದಾಳೆ. ರಜೆ ಕೊಡಿಸಿದವರು ವಿಮಲಮ್ಮನೇ. ಜೀಪು ಕಳಿಸಿ ಕರೆಸೋಣವೇ ಎಂದು ಬೊಳ್ಳಮ್ಮ ಕೇಳಿದರು. ಮದುವೆಮನೆಯಿಂದ ಯಾರಾದರೂ ಮದುಮಗನ ಅಕ್ಕನನ್ನು ಎಬ್ಬಿಸಿಕೊಂಡು ಬರುತ್ತಾರೆಯೇ ಎಂದು ವಿಮಲಮ್ಮ ಒಪ್ಪಲಿಲ್ಲ.

ಒಂಬತ್ತು ಗಂಟೆಗೆ ಕೀರ್ತಿಕುಮಾರ್ ಬರುತ್ತಾರೆ. ಚಮಚ ಹಿಡಿದೇ ಬರುತ್ತಾರೆ. ಮುತ್ತಿ ಇಲ್ಲದಿದ್ದರೇನು, ತಾನು ರುಚಿ ನೋಡಿ ಹೇಳುತ್ತೇನೆ ಎಂಬುದು ಅವರ ಔದಾರ್ಯ. ಇಲ್ಲವೇ ಮಾಂಸ ಬಿಟ್ಟು ಬರೀ ಒಂದು ಎಲೆಯನ್ನು ನಾಲಿಗೆಗೆ ಮುಟ್ಟಿಸಿ ನೋಡಿ, ಯಾರಿಗೂ ಹೇಳುವುದಿಲ್ಲ ಎಂದು ಮೆಲ್ಲಗೆ ಸೇರಿಸುತ್ತಾರೆ. ವಿಮಲಮ್ಮ ಚಾಕು ಕೆಳಗಿಡುತ್ತಾರೆ.

"ಹಬ್ಬದ ದಿನ ಎಡೆಗಿಡೋ ಅಡುಗೇನ ಯಾರಾದ್ರೂ ನಾಲಿಗೆಗೆ ಹಚ್ತಾರಾ ಸಾರ್? ನಿಮ್ಮಜ್ಜಿ ಹಚ್ತಿದ್ರಾ? ನಮ್ಮನೇಲೂ ಮೂವತ್ತು ಜನದ ಹೋಳಿಗೆ ಊಟನ ಕಣ್ಣಲ್ಲಿ, ಮೂಗಲ್ಲೇ ನೋಡಿ ಮುಗಿಸ್ತಿದ್ರು. ಹನ್ನೆರಡು ವರ್ಷದೋಳಿಂದ ನಾನೂ ಹಂಗೇ ಮಾಡ್ಕಂಡು ಬಂದೋಳು. ಇವತ್ತು ಇದು ಟೇಬಲ್ಲಿಗೆ ಹೋಗೋ ತನಕ ಯಾರೂ ಬಾಯಿಗೆ ಹಾಕ್ಬೇಡಿ. ನೀವೂ ಅಷ್ಟೇ."

ಕೀರ್ತಿಕುಮಾರ್ ಸೋಮವಾರಪೇಟೆಯವರು. ಅವರ ಮನೆಯಲ್ಲೂ ಅದೇ ಎಡೆ, ಅದೇ ಕಟ್ಟುಪಾಡು. ಅಜ್ಜಿಯ ಮಾತು ಬಂದ ಮೇಲೆ ಅವರು ಚಮಚವನ್ನು ಜೇಬಿಗಿಳಿಸಿ ಬಾಗಿಲಿಗೆ ಒರಗಿ ನಿಲ್ಲುತ್ತಾರೆ.

ಈಗ ವಿಮಲಮ್ಮ ಪ್ಯಾಕೆಟ್ಟು ಬಿಚ್ಚುತ್ತಾರೆ. ಮಾಂಸವನ್ನು ಕಿರುಬೆರಳಿನಗಲಕ್ಕೆ ಕತ್ತರಿಸಿ, ಅಳತೆಯ ನೀರಿನಲ್ಲಿ ಒಂದು ಕುದಿ ಬರಿಸುತ್ತಾರೆ. ಮೇಲೆ ತೇಲಿದ ಕೊಬ್ಬನ್ನು ತೆಗೆದು, ಆ ನೀರನ್ನು ಒಂದು ಸೌಟು ಎತ್ತಿ, ಕಬ್ಬಿಣದ ಸೌಟನ್ನೇ ಉರಿಯ ಮೇಲೆ ಹಿಡಿಯುತ್ತಾರೆ. ನೀರು ಸುಯ್ ಎನ್ನುತ್ತಾ ಬತ್ತುತ್ತದೆ. ತಳದಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಇದು ಅತ್ತೆಯಿಂದ ಬಂದ ವಿದ್ಯೆ. ಮಾವಿನ ಮಿಡಿಯ ಉಪ್ಪುನೀರಿನ ಹದವನ್ನು ಅತ್ತೆ ಹೀಗೆಯೇ ನೋಡುತ್ತಿದ್ದರು, ಹಸಿ ಉಪ್ಪಿನಕಾಯಿಗೆ ಬಾಯಿ ಹಾಕುವ ಹಾಗಿರಲಿಲ್ಲ. ತಾವೇ ಉಪ್ಪು ಹಚ್ಚಿದ ಮಾಂಸದ ನೀರು ಸೌಟಿನಲ್ಲಿ ಎಷ್ಟು ಬಿಳಿ ಬಿಡುತ್ತದೆಂದು ವಿಮಲಮ್ಮ ಪ್ರತಿ ಸಲವೂ ನೋಡಿಟ್ಟುಕೊಂಡಿದ್ದಾರೆ. ಇವತ್ತಿನದು ಸುಣ್ಣ ಬಳಿದಷ್ಟು ದಪ್ಪ.

"ಅಬ್ಬಾ, ಇದನ್ನ ಹಂಗೇ ಹಾಕಿದ್ರೆ ಮೊದ್ಲನೇ ವರ್ಷದ ಕಥೆನೇ ಆಗ್ತಿತ್ತು" ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ನೀರು ಚೆಲ್ಲುತ್ತಾರೆ. ಎರಡನೆಯ ನೀರು, ಮತ್ತೆ ಸೌಟು. ಇನ್ನೂ ಜಾಸ್ತಿ. ಮೂರನೆಯ ನೀರು ಬತ್ತಿದಾಗ ಸೌಟಿನ ಕಪ್ಪು ಕಾಣಿಸುವಷ್ಟು ತೆಳುವಾದ ಪದರ. ಅವರೇ ಉಪ್ಪು ಹಚ್ಚಿದ ಮಾಂಸದ್ದೂ ಇಷ್ಟೇ ಇರುತ್ತಿತ್ತು. ಸೌಟನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಕೀರ್ತಿಕುಮಾರ್ ಕೂಡ ಕತ್ತು ಚಾಚಿ ನೋಡುತ್ತಾರೆ. ವಿಮಲಮ್ಮನ ಮುಖದಲ್ಲಿ ಬೆಳಗಿನಿಂದ ಮೊದಲ ಬಾರಿಗೆ ಗೆಲುವು ಕಾಣುತ್ತದೆ.

ಮಿಕ್ಕದ್ದೆಲ್ಲ ಕೈಗೆ ಪಳಗಿದ ಕೆಲಸ. ನೀರು ಆರಿದ ಬೇಕನ್ ತಣ್ಣಗಿನ ಬಾಣಲೆಗೆ ಬೀಳುತ್ತದೆ, ಆಮೇಲೆ ಸಣ್ಣ ಉರಿ. ಕೊಬ್ಬು ಕರಗಿ ಚಟಪಟ ಸದ್ದು ಇಳಿಯುತ್ತಿದ್ದಂತೆ ಚೂರುಗಳನ್ನು ಎತ್ತಿಡುತ್ತಾರೆ. ಅದೇ ಕೊಬ್ಬಿನಲ್ಲಿ ಸಣ್ಣ ಈರುಳ್ಳಿ, ನಂತರ ಎರಡು ಹೋಳು ಮಾಡಿದ ಮರಿಕೋಸು, ಕತ್ತರಿಸಿದ ಮುಖ ಕೆಳಗೆ. ಕೆಂಪಗಾಗುವ ತನಕ ಕೈಯಾಡಿಸುವ ಹಾಗಿಲ್ಲ. ಆಮೇಲೆ ಅರ್ಧ ಲೋಟ ತರಕಾರಿ ಬೇಯಿಸಿದ ನೀರು, ಮೇಲೆ ಭಾರದ ಮುಚ್ಚಳ, ಹತ್ತು ನಿಮಿಷ. ಮುಚ್ಚಳ ತೆಗೆದಾಗ ಹಸಿ ಕೋಸಿನ ವಾಸನೆ ಹೋಗಿ ಸಿಹಿ ವಾಸನೆ ಬಂದಿರಬೇಕು. ಬಂದಿದೆ. ಕುಟ್ಟಿದ ಮೆಣಸು, ಚಿಟಿಕೆ ಬೆಲ್ಲ, ಕೊನೆಗೆ ಕೊಡಗಿನ ಕಪ್ಪು ಹುಳಿಯಾದ ಕಾಚಂಪುಳಿ ಕೆಲವು ಹನಿ. ಎತ್ತಿಟ್ಟ ಬೇಕನ್ ಮತ್ತೆ ಒಳಗೆ. ಹೀಗೆ ಐದು ಬಾಣಲೆ. ಉಪ್ಪಿನ ಡಬ್ಬಿಯ ಮುಚ್ಚಳವನ್ನು ಅವರು ತೆಗೆಯುವುದೇ ಇಲ್ಲ.

ಒಂದೂಕಾಲಿಗೆ ಹದಿನಾಲ್ಕು ಬಟ್ಟಲುಗಳು ಹೊರಗೆ ಹೋಗುತ್ತವೆ, ಮೂವರಿಗೆ ಒಂದರಂತೆ. ಆಮೇಲಿನ ಅರ್ಧ ಗಂಟೆ ವಿಮಲಮ್ಮ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸುತ್ತಾರೆ. ಭಯ ಆಗ್ತಿದೆ ಎಂದು ಕೇಳದೆಯೇ ಹೇಳುತ್ತಾರೆ.

ಮೊದಲ ಬಟ್ಟಲು ಖಾಲಿಯಾಗಿ ಬರುತ್ತದೆ. ಎರಡನೆಯದೂ. ನಾಲ್ಕು, ಏಳು, ಹತ್ತು. ಕೆಲವು ಬಟ್ಟಲುಗಳ ತಳವನ್ನು ರೊಟ್ಟಿಯಿಂದ ಒರೆಸಿ ಬಿಟ್ಟಿದ್ದಾರೆ. ಹದಿಮೂರು ಬಂದು ನಿಲ್ಲುತ್ತದೆ. ಹದಿನಾಲ್ಕನೆಯದರ ಸುಳಿವಿಲ್ಲ. ಐದು ನಿಮಿಷ ಕಾದು ಕೀರ್ತಿಕುಮಾರ್ ತಾವೇ ಹೊರಗೆ ಹೋಗುತ್ತಾರೆ. ಮಾತು ಮಾತೇ, ಒಂದು ಉಳಿದರೂ ಉಳಿದದ್ದೇ.

ಮೂಲೆಯ ಮೇಜಿನಲ್ಲಿ ಎಂಬತ್ತು ದಾಟಿದ ಪ್ಲಾಂಟರ್ ಒಬ್ಬರು ಆ ಬಟ್ಟಲನ್ನು ಎಡಗೈಯಲ್ಲಿ ಅಪ್ಪಿ ಹಿಡಿದು ಕೂತಿದ್ದಾರೆ. ಕೊನೆಯ ಎರಡು ತುಂಡುಗಳನ್ನು ಉಳಿಸಿಕೊಂಡು ತಿನ್ನುತ್ತಿದ್ದಾರೆ. ತೆಗೆಯಲು ಬಂದ ಹುಡುಗಿಯನ್ನು ಎರಡು ಸಲ ಗದರಿಸಿ ಕಳಿಸಿದ್ದಾರೆ. ಕೀರ್ತಿಕುಮಾರ್‌ರನ್ನು ಕಂಡವರೇ ಇನ್ನೊಂದು ಬಟ್ಟಲು ಸಿಗುತ್ತದೆಯೇ ಎಂದು ಕೇಳುತ್ತಾರೆ. ಬಾಣಲೆಯಲ್ಲಿ ಉಳಿದಿದ್ದ ನಾಲ್ಕು ಚಮಚದಲ್ಲಿ ಮೂರು ಅವರಿಗೆ ಹೋಗುತ್ತದೆ. ಒಂದನ್ನು, ಕೊನೆಗೂ, ಕೀರ್ತಿಕುಮಾರ್ ಜೇಬಿನ ಚಮಚ ತೆಗೆದು ಬಾಯಿಗಿಡುತ್ತಾರೆ. ಕಣ್ಣು ಮುಚ್ಚಿ ಅಗಿಯುತ್ತಾರೆ. ಆಮೇಲೆ ಹಿತ್ತಲಿಗೆ ಹೋಗಿ ಫೋನು ಮಾಡಿ, ಮೈಸೂರಿನವನಿಗೆ ಬರಬೇಡ ಎಂದು ಹೇಳುತ್ತಾರೆ. ಎಲ್ಲರಿಗೂ ಕೇಳುವ ಹಾಗೆಯೇ ಹೇಳುತ್ತಾರೆ.

ಬೊಳ್ಳಮ್ಮ ಉಗ್ರಾಣದ ಬೀಗದ ಕೈ ತಂದು ವಿಮಲಮ್ಮನ ಅಂಗೈಯಲ್ಲಿಡುತ್ತಾರೆ. "ಹಿಡ್ಕೊ. ನಾಳೆಯಿಂದ ಏನು ಮಾಡಬೇಕು ಅಂತ ನೀನು ಹೇಳೋದು, ನಾವು ಕೇಳೋದು" ಎಂದು ಕುರ್ಚಿ ಎಳೆದು ಕೂರುತ್ತಾರೆ. ವಿಮಲಮ್ಮನ ಕಣ್ಣು ತುಂಬಿ ಬರುತ್ತದೆ. ಹೊಗೆ ಎಂದು ನೆಪ ಹೇಳುವುದಿಲ್ಲ, ಸೆರಗಿನಲ್ಲಿ ಒರೆಸಿಕೊಂಡು ನಗುತ್ತಾರೆ.

ಅವರು ಸ್ನಾನ, ಪೂಜೆ ಮುಗಿಸಿ ಬುತ್ತಿ ಬಿಚ್ಚುವ ಹೊತ್ತಿಗೆ ಕೀರ್ತಿಕುಮಾರ್ ಹೊಸ ಮೆನುವಿನ ಕರಡು ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ. ಅಚ್ಚಿಗೆ ನಾಳೆ ಹೋಗಬೇಕು. ಮರಿಕೋಸಿನ ಕೆಳಗೆ ವಿಮಲಮ್ಮ ಎಂದು ಹೆಸರು ಹಾಕಲೇ ಎಂದು ಕೇಳುತ್ತಾರೆ. ನೆಂಟರ ಕಣ್ಣಿಗೆ ಬಿದ್ದರೆ ನಿಮಗೆ ಕಷ್ಟವಾಗುವುದಾದರೆ ಬೇಡ ಎಂದೂ ಸಂಕೋಚದಿಂದ ಹೇಳುತ್ತಾರೆ. ವಿಮಲಮ್ಮ ಕೈಯಲ್ಲಿದ್ದ ತುತ್ತನ್ನು ಮತ್ತೆ ಬುತ್ತಿಗಿಡುತ್ತಾರೆ.

"ಹಾಕಿ ಸಾರ್. ಬರೀ ವಿಮಲಮ್ಮ ಅಂದ್ರೆ ಯಾರೋ ಅನ್ಕಂತಾರೆ. ಶನಿವಾರಸಂತೆ ವಿಮಲಮ್ಮ ಅಂತ ದಪ್ಪಕ್ಷರದಲ್ಲಿ ಹಾಕಿ."