ಕಿಗ್ಗದ ಸೌತೆಕಾಯಿಗೆ ಗುಡ್ಡಮ್ಮನ ನಾಲಿಗೆ

ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ. ಕಿಗ್ಗದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕುಳಿತ ಗುಡ್ಡಮ್ಮ ಸೌತೆಕಾಯಿಯ ತೊಟ್ಟಿನ ತುದಿ ಕೊಯ್ದು ನಾಲಿಗೆಗೆ ಮುಟ್ಟಿಸುತ್ತಾರೆ. ಸರಿಯಿದೆ. ಇನ್ನೊಂದು. ಅದೂ ಸರಿ. ಸುತ್ತ ನಿಂತವರೆಲ್ಲ ಅವರ ಮುಖವನ್ನೇ ನೋಡುತ್ತಿದ್ದಾರೆ. ಶೃಂಗೇರಿಯ ಬಸ್ಸಿಗೆ ಇನ್ನು ಅರ್ಧ ಗಂಟೆ.

ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಗೆ ಸೌತೆ ಹಾಕುವ ಮನೆಗಳು ಇಲ್ಲಿ ಹದಿನಾಲ್ಕು. ಯಾರದೂ ಅರ್ಧ ಎಕರೆ ದಾಟುವುದಿಲ್ಲ. ವಾರಕ್ಕೆರಡು ದಿನ ಮನೆಗೊಂದು ಚೀಲ, ಚೀಲಕ್ಕೆ ಮೂರು ಕಾಯಿ ಗುಡ್ಡಮ್ಮನ ಚಾಕುವಿಗೆ. ಕೊಯ್ದ ನಲವತ್ತೆರಡು ಕಾಯಿ ಅವರ ಹಸುಗಳಿಗೆ. ಈ ಕೆಲಸಕ್ಕೆ ಸಿಗುವುದು ಅಷ್ಟೇ.

2004ರ ಬೇಸಿಗೆಯಲ್ಲಿ ಶೃಂಗೇರಿಯ ಮದುವೆ ಮನೆಯೊಂದರಲ್ಲಿ ಇಡೀ ಕೊಪ್ಪರಿಗೆ ಸೌತೆಕಾಯಿ ಹುಳಿ ಕಹಿಯಾಯಿತು. ತರಕಾರಿ ಅಂಗಡಿಯವರು ಕಿಗ್ಗದ ಕಾಯಿಯೇ ಬೇಡ ಎಂದುಬಿಟ್ಟರು. ಅಷ್ಟೂ ಮನೆಯ ಬೆಳೆ ಬಳ್ಳಿಯಲ್ಲೇ ಹಣ್ಣಾಗಿ ಹೋಯಿತು.

"ಆ ಕಹಿ ಕಾಯಿ ಚೀಲ ನಂದೇ," ಎನ್ನುತ್ತಾರೆ ಗುಡ್ಡಮ್ಮ. " ಹಿಂದಿನ ವರ್ಷ ಬೀಜಕ್ಕೆ ಕಾಯಿ ಬಿಡೋವಾಗ ಆ ಬಳ್ಳಿ ರುಚಿ ನೋಡ್ಲೇ ಇಲ್ಲ ನಾನು. ಕಾಯಿ ಚಂದ ಕಾಣ್ತು, ಬಿಟ್ಟೆ."

ಮರುವರ್ಷ ಗುಡ್ಡಮ್ಮ ಅದೇ ಅಂಗಡಿಯ ಎದುರು ಕುಳಿತು, ಒಂದೊಂದೇ ಚೀಲದ ಕಾಯಿ ಕೊಯ್ದು ತಿಂದು ತೋರಿಸಿದರು. ಕೊಳ್ಳುವುದು ಮತ್ತೆ ಶುರುವಾಯಿತು. ಅಂದಿನಿಂದ ಊರಿಗೊಂದು ಕಟ್ಟಳೆ: ಪ್ರತಿ ಬಳ್ಳಿಯ ಮೊದಲ ಕಾಯಿಯ ರುಚಿ ನೋಡಬೇಕು, ಕಹಿಯಾದರೆ ಬಳ್ಳಿ ಕೀಳಬೇಕು. ಕಹಿಯಿಲ್ಲದ ಬಳ್ಳಿಯ ಬೀಜವನ್ನೇ ಉಳಿಸಿಕೊಳ್ಳುವುದರಿಂದ ಮೂರು ವರ್ಷದಿಂದ ಪೇಟೆಯ ಬೀಜವನ್ನು ಯಾರೂ ತಂದಿಲ್ಲ.

ಇಂದು ಕೊನೆಯ ಚೀಲ ನಾದಿನಿ ಕಮಲಕ್ಕನದು. ಮೂರನೆಯ ಕಾಯಿಗೆ ಗುಡ್ಡಮ್ಮ ಉಗುಳುತ್ತಾರೆ.

"ಒಂದೇ ಒಂದು ಕಾಯಿ ಅತ್ತಿಗೆ! ಬಸ್ ಬಂತು, ಹತ್ತಿಸಿ."

"ಆ ಮದುವೆ ಮನೆಗೂ ಒಂದೆರಡೇ ಸಾಕಾಗಿತ್ತು ಮಾರಾಯ್ತಿ."

"ಸ್ವಂತ ನಾದಿನಿ ಅಂತನೂ ಇಲ್ವಾ ನಿಮಗೆ?"

"ನಂಗೆ ಇದೆ. ನಾಲಿಗೆಗೆ ಎಂತ ಗೊತ್ತು?"

ನಿಂತವರು ನಗುತ್ತಾರೆ, ಕಮಲಕ್ಕ ನಗುವುದಿಲ್ಲ. ಹದಿಮೂರು ಚೀಲ ಹೊತ್ತು ಬಸ್ಸು ಹೊರಡುತ್ತದೆ.

ಗುಡ್ಡಮ್ಮ ಮನೆಗೆ ಹೋಗುವುದಿಲ್ಲ. ಚಾಕು ಹಿಡಿದು ನೇರ ನಾದಿನಿಯ ಗದ್ದೆಗಿಳಿಯುತ್ತಾರೆ. ಅರವತ್ತು ಬಳ್ಳಿ. ಕೂತು, ಎದ್ದು, ಕೊಯ್ದು, ಉಗುಳಿ, ಎರಡು ತಾಸಿನ ಮೇಲೆ ಅಂಚಿನ ಎರಡು ಕಹಿ ಬಳ್ಳಿ ಸಿಗುತ್ತವೆ. "ಇವು ತಡವಾಗಿ ಕಾಯಿ ಬಿಟ್ವು. ನೋಡೋಕೆ ಮರೆತೆ" ಎಂದು ಕಮಲಕ್ಕ ತಾವೇ ಬುಡ ಸಮೇತ ಕೀಳುತ್ತಾರೆ. ಉಳಿದ ಐವತ್ತೆಂಟು ಬಳ್ಳಿಯ ಕಾಯಿ ಮುಂದಿನ ಬಸ್ಸಿಗೆ ಹೋಗಲಿದೆ.

ಕಮಲಕ್ಕ ಕೊಟ್ಟ ಕಾಫಿಯ ರುಚಿ ಗುಡ್ಡಮ್ಮನಿಗೆ ತಿಳಿಯುವುದಿಲ್ಲ, ಬಾಯಿ ಅಷ್ಟು ಕಹಿಯಾಗಿದೆ. ಲೋಟ ಕೆಳಗಿಟ್ಟು ಹೇಳುತ್ತಾರೆ: "ಒಂದು ಬೇಸಿಗೆ ಪೂರ್ತಿ ನನ್ನ ಬಾಯಿಗೆ ಒಂದೂ ಕಹಿ ಕಾಯಿ ಸಿಗಬಾರದು. ಅಷ್ಟಾದ್ರೆ ಸಾಕು."

"ಆಮೇಲೆ ನಿಮ್ಮನ್ನ ಯಾರು ಕೇಳ್ತಾರೆ ಅತ್ತಿಗೆ?"

"ಕೇಳೋದು ಬೇಡ ಮಾರಾಯ್ತಿ. ಏಳು ಗಂಟೆವರೆಗೆ ಮಲಗ್ತೀನಿ."