ಅರ್ಥಿಂಗ್ ಗುಂಡಿಯ ಬಾಯಾರಿಕೆ

ಮೊನ್ನೆ ನಮ್ಮ ಅಂಗಳದಲ್ಲಿ ಅರ್ಥಿಂಗ್ ಗುಂಡಿ ತೋಡಿದ ವೈರ್‌ಮನ್ ಅದರೊಳಗೆ ಏನೋ ಕಪ್ಪು ಪುಡಿ ಸುರಿದು, "ಇನ್ನ ನೀರು ಹಾಕೋ ಚಿಂತಿನ ಇಲ್ರಿ" ಎಂದ. ನನಗೆ ಹೊಟ್ಟೆಕಿಚ್ಚಾಯಿತು. ಸ್ವಾಮಿ, ನನ್ನ ಹರೆಯವೆಲ್ಲ ಗುಂಡಿಗೆ ನೀರು ಹೊಯ್ಯುವುದರಲ್ಲೇ ಹೋಯಿತು!

ಎಂಬತ್ತನೇ ಇಸವಿಯ ಆಸುಪಾಸು. ರಾಯಚೂರಿನ ಆಚೆ ಒಂದು ಸಣ್ಣ ರೈಲು ನಿಲ್ದಾಣದಲ್ಲಿ ನಾನು ಹಂಗಾಮಿ ನೌಕರ. ಅಲ್ಲಿನ ಕಬ್ಬಿಣದ ಮೇಲುಸೇತುವೆಗೆ ಎಲ್ಲಾದರೂ ಕರೆಂಟ್ ಹರಿದರೆ ಅದು ಜನರಿಗೆ ಹೊಡೆಯದೆ ನೆಲಕ್ಕಿಳಿಯಲಿ ಎಂದು ಸೇತುವೆಯ ಕಾಲಿನಿಂದ ಒಂದು ಲೋಹದ ಪಟ್ಟಿ ಎಳೆದು, ಇದ್ದಿಲು, ಉಪ್ಪು ತುಂಬಿದ ಗುಂಡಿಯ ಪೈಪಿಗೆ ಬಿಗಿದಿದ್ದರು. ಗುಂಡಿ ಒಣಗಿದರೆ ಎಲ್ಲ ವ್ಯರ್ಥ. ದಿನಕ್ಕೆರಡು ಕೊಡ ನೀರು ಹೊಯ್ಯುವುದೇ ನನ್ನ ಘನ ಉದ್ಯೋಗ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ಗುಂಡಿ ನನಗಿಂತ ಹೆಚ್ಚು ಕುಡಿಯುತ್ತಿತ್ತು.

ಆ ಬೇಸಿಗೆ ದೇವದುರ್ಗಕ್ಕೆ ಹೆಣ್ಣು ನೋಡಲು ಹೋದವನು ನಾಲ್ಕು ದಿನ ಅಲ್ಲೇ ಉಳಿದೆ. ಹೆಣ್ಣು ನೋಡಿದ್ದು ಒಂದು ಗಳಿಗೆ, ಉಳಿದದ್ದೆಲ್ಲ ಹೋಳಿಗೆ. ಹೆಣ್ಣಿನ ತಂದೆ ಮಾತ್ರ, "ನೌಕರಿ ಪರ್ಮನೆಂಟ್ ಆಗ್ಲಿ, ಆಮ್ಯಾಲ ಮುಂದಿನ ಮಾತು" ಎಂದಿದ್ದರು. ಮರಳಿ ಬಂದರೆ ಅಂದೇ ಸಾಹೇಬರ ತಪಾಸಣೆ! ನನ್ನನ್ನು ಕಾಯಂ ಮಾಡಲು ಸಹಿ ಹಾಕಬೇಕಾದವರೂ ಅವರೇ. ಗುಂಡಿ ಬಿರುಕು ಬಿಟ್ಟಿತ್ತು, ನಲ್ಲಿಯಲ್ಲಿ ಹನಿ ನೀರಿಲ್ಲ. ಒಣ ಗುಂಡಿಗೆ ಸಾಹೇಬರ ಮೀಟರಿನ ಮುಳ್ಳು ಏರಿತೆಂದರೆ ನೌಕರಿಯೂ ಹೋಯಿತು, ಹೆಣ್ಣೂ ಹೋದಳು.

ನಮ್ಮ ಮೇಸ್ತ್ರಿ ಹುಸೇನಪ್ಪ ಸಾಹೇಬರಿಗೆಂದು ಮಾನ್ವಿಯ ತನ್ನ ಮನೆಯಿಂದ ಒಂದು ಕೊಡ ಮಜ್ಜಿಗೆ ತಂದಿದ್ದ. ನನ್ನ ಮುಖ ನೋಡಿದ, ಕೊಡ ನೋಡಿದ.

"ಲೇ, ಇದ್ರಾಗ ಉಪ್ಪು ಅದ, ನೀರೂ ಅದ. ಗುಂಡಿಗೆ ಇನ್ನೇನು ಬೇಕು? ಸುರಿ!"

ಸುರಿದೆ. ಸಾಹೇಬರು ಬಂದು ಮೀಟರು ಹಚ್ಚಿದರು. ಮುಳ್ಳು ಸಾಧುವಿನ ಹಾಗೆ ಕೆಳಗೇ ಕೂತಿತು. ತಲೆದೂಗಿದವರು ಗುಂಡಿಯೊಳಗೆ ಬಗ್ಗಿ ನೋಡಿದರು. ಕರಿಬೇವು, ಕೊತ್ತಂಬರಿ, ಸಾಸಿವೆ, ಎಲ್ಲ ಮೇಲೆಯೇ ಇದ್ದವು.

"ಈ ಗುಂಡಿಗೆ ಒಗ್ಗರಣಿ ಯಾರು ಕೊಟ್ರು?"

ಹುಸೇನಪ್ಪ ಕೈಮುಗಿದ. "ಬಿಸಿಲು ಭಾಳ ಅದರೀ ಸಾಹೇಬ್ರ."

ಸಾಹೇಬರು ನಕ್ಕು ನಕ್ಕು ಕಣ್ಣೊರೆಸಿಕೊಂಡೇ ಸಹಿ ಹಾಕಿದರು. "ನಾಳಿಂದ ಅದಕ್ಕ ನೀರು ಹಾಕ್ರಿ, ಮಜ್ಜಗಿ ನನಗಿಡ್ರಿ." ಹೀಗೆ ನೌಕರಿ ಕಾಯಂ ಆಯಿತು, ಲಗ್ನವೂ ಆಯಿತು.

ಹೆಂಡತಿಯ ಮುಂದೆ ಇಷ್ಟು ವರ್ಷ ಅದು ನನ್ನ ಕೆಲಸದ ನಿಷ್ಠೆಯ ಫಲವೆಂದೇ ಬೀಗಿದ್ದೆ. ಮೊನ್ನೆ ಆ ಪುಡಿ ನೋಡಿದ ಸಂಕಟಕ್ಕೆ ಎಲ್ಲ ಬಾಯಿಬಿಟ್ಟೆ. ಆಕೆ ಸೊಪ್ಪು ಸೋಸುತ್ತ, ತಲೆ ಎತ್ತದೆ ಅಂದಳು:

"ನಮ್ಮಪ್ಪ ಏನರ ಅನ್ಲಿ. ನೀವು ಹೊಳ್ಳಿ ಹೋದ ದಿನಾನ ನಾ ಅವ್ವನ ಮುಂದ ಹೇಳಿದ್ದೆ, ನೌಕರಿ ಇರಲಿ ಬಿಡಲಿ, ಮದುವಿ ಆದ್ರ ಇವರನ್ನ ಆಗಾಕಿ ಅಂತ."

ಅಯ್ಯೋ ಶಿವನೇ, ಒಂದು ಕೊಡ ಮಜ್ಜಿಗೆ ಸುಮ್ಮನೆ ದಂಡವಾಯಿತಲ್ಲ!